ದೊಡ್ಡ ಕುರ್ಚಿಯ ಮುಂದೆ ತೆರೆದ ಪುಸ್ತಕ: ನೈಜ ನಾಯಕತ್ವವನ್ನು ಕೂಡಿ ಓದಿ ಕಲಿಯಬಹುದೇ?

ಕಂಪನಿಯ ಮೇಲಿನ ಹುದ್ದೆಗೆ ಏರಿದವರಿಗೆ ಎಲ್ಲಕ್ಕಿಂತ ದುರ್ಲಭವಾಗುವುದು ಮುಖಕ್ಕೆ ನಿಜ ಹೇಳುವ ಜನ. ಹುದ್ದೆ ದೊಡ್ಡದಾದಂತೆ ಎದುರು ಮಾತಾಡುವವರು ಕಡಿಮೆಯಾಗುತ್ತಾರೆ, ತಲೆಯಾಡಿಸುವವರು ಹೆಚ್ಚುತ್ತಾರೆ. ಇಂಥ ಜಾಗದಲ್ಲಿ ಕೂತವರು ತಮ್ಮತನ ಕಳೆದುಕೊಳ್ಳದೆ, ಆಡಿದಂತೆ ನಡೆದು, ಉಳಿದವರನ್ನು ಮುನ್ನಡೆಸುವುದು ಹೇಗೆ? ನಿರ್ವಹಣಾ ಶಾಸ್ತ್ರ ಇದನ್ನು ‘ನೈಜ ನಾಯಕತ್ವ’ ಎಂಬ ಹೆಸರಿನಲ್ಲಿ ಎರಡು ದಶಕಗಳಿಂದ ಚರ್ಚಿಸುತ್ತಿದೆ. ಅದಕ್ಕೂ ಹಳೆಯದಾದ ಒಂದು ಪ್ರಯೋಗವಿದೆ. ಅಧಿಕಾರಿಗಳನ್ನು ಒಂದು ಮೇಜಿನ ಸುತ್ತ ಕೂರಿಸಿ, ಎಲ್ಲರ ಕೈಗೂ ಒಂದೇ ಪುಸ್ತಕ ಕೊಟ್ಟು ಮಾತಾಡಿಸುವುದು ಆ ಪ್ರಯೋಗ.

ಇವೆರಡೂ ಬೇರೆ ಬೇರೆ ಹಾದಿಯಲ್ಲಿ ಬೆಳೆದವು. ಒಂದು ಮನಶ್ಶಾಸ್ತ್ರದ ಪ್ರಶ್ನಾವಳಿಗಳ ಕಡೆ ಹೋಯಿತು, ಇನ್ನೊಂದು ನಾಟಕ, ಕಾದಂಬರಿ, ತತ್ವಶಾಸ್ತ್ರಗಳ ಕಡೆ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದಾಗ ನನಗೆ ಖಚಿತವಾಗಿ ಅನಿಸುವುದಿಷ್ಟು. ನೈಜತೆ ಒಬ್ಬರೇ ಕೂತು ಒಳಗೆ ಹುಡುಕಿದರೆ ಸಿಗುವುದಿಲ್ಲ. ನಮ್ಮ ನಂಬಿಕೆಗಳನ್ನು ಬೇರೆಯವರು ಕೆಣಕಿದಾಗ ಯಾವುದು ನಿಲ್ಲುತ್ತದೆ, ಯಾವುದು ಉದುರುತ್ತದೆ ಎಂದು ತಿಳಿಯುತ್ತದೆ. ಆ ಕೆಣಕುವಿಕೆಗೆ ಪುಸ್ತಕವೊಂದು ಒಳ್ಳೆಯ ನೆಪ. ಆದರೆ ಆ ನೆಪ ಯಾವಾಗ ಫಲ ಕೊಡುತ್ತದೆ, ಯಾರಿಗೆ ಕೊಡುತ್ತದೆ ಎಂಬ ವಿಷಯದಲ್ಲಿ ಒಮ್ಮತವಿಲ್ಲ.

## ಟೆಲಿಫೋನ್ ಕಂಪನಿಯ ಓದುಗರು

ಚರ್ಚೆಯ ಬೇರು ಹುಡುಕುವವರು ಸಾಮಾನ್ಯವಾಗಿ 1938ಕ್ಕೆ ಹೋಗುತ್ತಾರೆ. ನ್ಯೂಜೆರ್ಸಿ ಬೆಲ್ ಟೆಲಿಫೋನ್ ಕಂಪನಿಯ ಅಧ್ಯಕ್ಷರಾಗಿದ್ದ ಚೆಸ್ಟರ್ ಬರ್ನಾರ್ಡ್ ಆ ವರ್ಷ ‘ದಿ ಫಂಕ್ಷನ್ಸ್ ಆಫ್ ದಿ ಎಕ್ಸಿಕ್ಯುಟಿವ್’ ಪುಸ್ತಕ ಪ್ರಕಟಿಸಿದರು. ಆಜ್ಞೆಯ ಅಧಿಕಾರ ಇರುವುದು ಕೊಡುವವನ ಹುದ್ದೆಯಲ್ಲಲ್ಲ, ಅದನ್ನು ಪಾಲಿಸುವವನ ಒಪ್ಪಿಗೆಯಲ್ಲಿ ಎಂಬುದು ಅವರ ವಾದದ ತಿರುಳು. ಹಾಗಿದ್ದರೆ ಮೇಲಧಿಕಾರಿಯ ನಡತೆ ಅವನ ಖಾಸಗಿ ವಿಷಯವಾಗಿ ಉಳಿಯುವುದಿಲ್ಲ, ಸಂಸ್ಥೆ ನಡೆಯುವುದೇ ಅದರ ಮೇಲೆ.

ಸರಿಸುಮಾರು ಅದೇ ಕಾಲಕ್ಕೆ ಷಿಕಾಗೊದಲ್ಲಿ ರಾಬರ್ಟ್ ಹಚಿನ್ಸ್ ಮತ್ತು ಮಾರ್ಟಿಮರ್ ಆಡ್ಲರ್ ಮಹಾಕೃತಿಗಳ ಓದನ್ನು ವಿಶ್ವವಿದ್ಯಾಲಯದ ಗೋಡೆಯಾಚೆ ತರುತ್ತಿದ್ದರು. 1943ರಲ್ಲಿ ಅವರು ಊರಿನ ಉದ್ಯಮಿಗಳಿಗಾಗಿ ಓದಿನ ತರಗತಿ ಶುರುಮಾಡಿದರು. ಅದರ ಬಳಗದಲ್ಲಿದ್ದ ಕಂಟೇನರ್ ಕಾರ್ಪೊರೇಷನ್‌ನ ವಾಲ್ಟರ್ ಪೆಪ್ಕೆ 1949ರಲ್ಲಿ ಕೊಲರಾಡೊದ ಆಸ್ಪೆನ್ ಎಂಬ ಗುಡ್ಡಗಾಡಿನ ಊರಿನಲ್ಲಿ ಜರ್ಮನ್ ಕವಿ ಗಯಟೆಯ 200ನೇ ಜನ್ಮವರ್ಷಾಚರಣೆ ಏರ್ಪಡಿಸಿದರು. ಅದರಿಂದ ಹುಟ್ಟಿದ ಆಸ್ಪೆನ್ ಇನ್‌ಸ್ಟಿಟ್ಯೂಟ್ 1951ರಿಂದ ಕಂಪನಿ ಅಧಿಕಾರಿಗಳಿಗಾಗಿಯೇ ಗೋಷ್ಠಿ ನಡೆಸತೊಡಗಿತು. ಪ್ಲೇಟೊ, ಅರಿಸ್ಟಾಟಲ್, ಲಾಕ್, ಮಾರ್ಕ್ಸ್ ಇವರಿಂದ ಆಯ್ದ ಬರಹಗಳು, ಇಪ್ಪತ್ತರ ಆಸುಪಾಸಿನ ಜನ, ಮಾತು ನಡೆಸಿಕೊಡುವ ಒಬ್ಬರು, ಉಪನ್ಯಾಸವಿಲ್ಲ. ಈ ಮಾದರಿ ಇಂದಿಗೂ ನಡೆದಿದೆ.

ಇದಕ್ಕಿಂತ ದಿಟ್ಟವಾದ ಪ್ರಯೋಗ 1953ರಲ್ಲಿ ಫಿಲಡೆಲ್ಫಿಯಾದಲ್ಲಿ ನಡೆಯಿತು. ಮೇಲೇರುತ್ತಿರುವ ತನ್ನ ಅಧಿಕಾರಿಗಳು ತಾಂತ್ರಿಕವಾಗಿ ಗಟ್ಟಿಗರು, ಆದರೆ ಅವರ ಲೋಕಜ್ಞಾನ ಸಾಲದು ಎಂದು ಪೆನ್ಸಿಲ್ವೇನಿಯಾದ ಬೆಲ್ ಕಂಪನಿಗೆ ಅನಿಸಿತು. ಹಾಗಾಗಿ ಆಯ್ದ ಕೆಲವರನ್ನು ಸಂಬಳ ಕೊಟ್ಟು ಹತ್ತು ತಿಂಗಳು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯಕ್ಕೆ ಕಳಿಸಿತು. ಸುಮಾರು 550 ಗಂಟೆಗಳ ತರಗತಿ, ವಸ್ತುಸಂಗ್ರಹಾಲಯ ಹಾಗೂ ಸಂಗೀತ ಕಛೇರಿಗಳ ಭೇಟಿ, ಡಬ್ಲ್ಯು.ಎಚ್. ಆಡನ್, ಲೂಯಿಸ್ ಮಮ್ಫರ್ಡ್ ಅಂಥವರ ಉಪನ್ಯಾಸ. ಕೊನೆಯ ಘಟ್ಟದಲ್ಲಿ ಮೂರು ಮೂರು ಗಂಟೆಯ ಎಂಟು ಗೋಷ್ಠಿಗಳು ಒಂದೇ ಕಾದಂಬರಿಗೆ ಮೀಸಲು. ಅದು ಜೇಮ್ಸ್ ಜಾಯ್ಸ್‌ನ ‘ಯುಲಿಸಿಸ್’. 1933ರ ನ್ಯಾಯಾಲಯದ ತೀರ್ಪು ಬರುವವರೆಗೆ ಅಮೆರಿಕದಲ್ಲಿ ಕಾನೂನಿನ ನಿರ್ಬಂಧಕ್ಕೊಳಗಾಗಿದ್ದ ಈ ಕ್ಲಿಷ್ಟ ಕೃತಿಯನ್ನು ಟೆಲಿಫೋನ್ ಕಂಪನಿಯ ಅಧಿಕಾರಿಗಳು ಸಾಲು ಸಾಲಾಗಿ ಬಿಡಿಸಿ ಓದಿದರು.

ಓದಿನ ದೃಷ್ಟಿಯಿಂದ ಪ್ರಯೋಗ ಗೆದ್ದಿತು. ಓದಿದವರು ಆತ್ಮವಿಶ್ವಾಸದಿಂದ, ಕುತೂಹಲದಿಂದ ಹೊರಬಂದರು. ಆದರೆ ಮನೆ, ಊರು, ಸಮಾಜದ ಹೊಣೆಗಳನ್ನು ಬದಿಗೊತ್ತಿ ಕಂಪನಿಯ ಲಾಭವನ್ನೇ ಮುಂದಿಡುವ ಉತ್ಸಾಹ ಅವರಲ್ಲಿ ತಗ್ಗಿದ್ದೂ ಕಂಡುಬಂತು. 1960ರ ಹೊತ್ತಿಗೆ ಕಾರ್ಯಕ್ರಮ ನಿಂತಿತು. ಓದು ಒಬ್ಬ ಅಧಿಕಾರಿಯನ್ನು ನಿಜಕ್ಕೂ ತನ್ನತನದ ಮನುಷ್ಯನಾಗಿಸಿದರೆ ಅದರ ಬೆಲೆ ತೆರಲು ಕಂಪನಿ ಸಿದ್ಧವಿದೆಯೇ ಎಂಬ ಪ್ರಶ್ನೆ ಅಂದಿನಿಂದ ಇಂದಿನವರೆಗೆ ಹಾಗೇ ಉಳಿದಿದೆ.

## ಹಗರಣಗಳ ನಂತರ

‘ನೈಜ ನಾಯಕತ್ವ’ ಎಂಬ ಮಾತು ಚಲಾವಣೆಗೆ ಬಂದದ್ದು ಬಹಳ ನಂತರ. 2001ರ ಡಿಸೆಂಬರ್‌ನಲ್ಲಿ ಎನ್ರಾನ್ ದಿವಾಳಿಯಾಯಿತು, 2002ರಲ್ಲಿ ವರ್ಲ್ಡ್‌ಕಾಮ್. ಲೆಕ್ಕಪತ್ರದ ಮೋಸಕ್ಕೆ ಕಾನೂನು ಬಿಗಿ ಮಾಡಿದರೆ ಸಾಲದು, ಮೇಲೆ ಕೂತವರ ಚಾರಿತ್ರ್ಯವೇ ಸರಿಯಾಗಬೇಕು ಎಂಬ ಕೂಗು ಎದ್ದಿತು. ಮೆಡ್‌ಟ್ರಾನಿಕ್ ಕಂಪನಿಯ ಮಾಜಿ ಮುಖ್ಯಸ್ಥ ಬಿಲ್ ಜಾರ್ಜ್ 2003ರಲ್ಲಿ ‘ಅಥೆಂಟಿಕ್ ಲೀಡರ್‌ಶಿಪ್’ ಬರೆದರು. ಅದೇ ವರ್ಷ ಫ್ರೆಡ್ ಲೂಥನ್ಸ್ ಮತ್ತು ಬ್ರೂಸ್ ಅವೋಲಿಯೊ ಈ ಪರಿಕಲ್ಪನೆಗೆ ಶಾಸ್ತ್ರೀಯ ರೂಪ ಕೊಟ್ಟರು. 2004ರಲ್ಲಿ ನೆಬ್ರಾಸ್ಕಾ ವಿಶ್ವವಿದ್ಯಾಲಯದಲ್ಲಿ ಇದಕ್ಕೆಂದೇ ಸಮಾವೇಶ ನಡೆಯಿತು, 2005ರಲ್ಲಿ ‘ದಿ ಲೀಡರ್‌ಶಿಪ್ ಕ್ವಾರ್ಟರ್ಲಿ’ ಪತ್ರಿಕೆ ವಿಶೇಷ ಸಂಚಿಕೆ ತಂದಿತು.

ನಮ್ಮಲ್ಲಿ ಆ ಆಘಾತ 2009ರ ಜನವರಿಯಲ್ಲಿ ಸತ್ಯಂ ಕಂಪ್ಯೂಟರ್ಸ್‌ನ ಲೆಕ್ಕಪತ್ರ ಮೋಸದ ರೂಪದಲ್ಲಿ ಬಂತು. ಅದರ ಹಿಂದಿನ ವರ್ಷವಷ್ಟೇ ಆ ಕಂಪನಿಗೆ ಉತ್ತಮ ಕಾರ್ಪೊರೇಟ್ ಆಡಳಿತಕ್ಕಾಗಿ ಗೋಲ್ಡನ್ ಪೀಕಾಕ್ ಪ್ರಶಸ್ತಿ ಸಂದಿತ್ತು. ಒಳ್ಳೆಯತನಕ್ಕೆ ಸಿಗುವ ಸರ್ಟಿಫಿಕೇಟಿಗೂ ಒಳ್ಳೆಯತನಕ್ಕೂ ಇರುವ ಅಂತರ ಇದಕ್ಕಿಂತ ನಿಚ್ಚಳವಾಗಿ ಕಾಣುವುದು ಕಷ್ಟ.

## ನೈಜತೆ ಎಂದರೇನು: ನಾಲ್ಕು ಪಂಥಗಳು

ಮೊದಲನೆಯದು ಒಳದಿಕ್ಸೂಚಿಯ ಪಂಥ. ಪ್ರತಿಯೊಬ್ಬರೊಳಗೂ ಮೌಲ್ಯಗಳ ಒಂದು ನೆಲೆ ಇದೆ, ಅದನ್ನು ಗುರುತಿಸಿ ಅದಕ್ಕೆ ಬದ್ಧರಾಗಿ ನಡೆಯುವುದೇ ನಾಯಕತ್ವ ಎನ್ನುವುದು ಇದರ ನಿಲುವು. ಇದನ್ನು ಅಳೆಯಲು 2008ರಲ್ಲಿ 16 ಹೇಳಿಕೆಗಳ ಪ್ರಶ್ನಾವಳಿಯೊಂದು ಬಂತು. ಅದು ನಾಲ್ಕು ಗುಣಗಳನ್ನು ನೋಡುತ್ತದೆ: ತನ್ನನ್ನು ತಾನು ಅರಿತಿರುವುದು, ಸಂಬಂಧಗಳಲ್ಲಿ ಮುಚ್ಚುಮರೆ ಇಲ್ಲದಿರುವುದು, ಹೊರಗಿನ ಒತ್ತಡಕ್ಕೆ ಬಾಗದ ನೈತಿಕ ನಿಲುವು, ತನಗೆ ಒಗ್ಗದ ಅಭಿಪ್ರಾಯವನ್ನೂ ತೂಗಿ ನೋಡುವ ಗುಣ. ನಂಬಿಕೆ ಗಳಿಸಿದ ನಾಯಕರು ಯಾಕೆ ಗಳಿಸಿದರು ಎಂಬುದನ್ನು ಈ ಪಂಥ ಚೆನ್ನಾಗಿ ವಿವರಿಸುತ್ತದೆ. ಆದರೆ ಒಳಗಿನ ದಿಕ್ಸೂಚಿಯೇ ಕೆಟ್ಟಿದ್ದರೆ ಏನು ಗತಿ ಎಂಬ ಪ್ರಶ್ನೆಗೆ ಇದರ ಉತ್ತರ ತೆಳು.

ಎರಡನೆಯದು ಬದುಕಿನ ಕಥೆಯ ಪಂಥ. ಇಸ್ರೇಲಿನ ಬೋಆಸ್ ಶಮೀರ್ ಮತ್ತು ಗಲಿತ್ ಐಲಾಮ್ 2005ರಲ್ಲಿ ಬೇರೆಯೇ ಒಂದು ಮಾತು ಹೇಳಿದರು. ನಾಯಕನ ನೈಜತೆ ಗುಣಗಳ ಪಟ್ಟಿಯಲ್ಲಿಲ್ಲ, ತನ್ನ ಬದುಕನ್ನು ಆತ ತನಗೂ ಇತರರಿಗೂ ಹೇಗೆ ಕಥೆಯಾಗಿ ಹೇಳಿಕೊಳ್ಳುತ್ತಾನೆ ಎಂಬುದರಲ್ಲಿದೆ ಎಂದರು. ಬಿಲ್ ಜಾರ್ಜ್ ಕೂಡ 125 ನಾಯಕರನ್ನು ಮಾತಾಡಿಸಿದ ಮೇಲೆ ಇದೇ ದಿಕ್ಕಿಗೆ ಬಂದರು. ಹಾರ್ವರ್ಡ್‌ನಲ್ಲಿ ಅವರು ರೂಪಿಸಿದ ಕೋರ್ಸಿನ ಜೀವಾಳ ಆರಾರು ಜನರ ಸಣ್ಣ ಗುಂಪು. ಈ ಪಂಥವನ್ನು ಓದಿನೊಂದಿಗೆ ಜೋಡಿಸುವುದು ಸುಲಭ, ಯಾಕೆಂದರೆ ಬೇರೆಯವರ ಕಥೆ ಓದದವರಿಗೆ ತಮ್ಮ ಕಥೆ ಕಟ್ಟುವ ಕಸುಬು ಹತ್ತುವುದಿಲ್ಲ.

ಮೂರನೆಯದು ಪಾತ್ರದ ಪಂಥ. ಹರ್ಮಿನಿಯಾ ಇಬಾರಾ 2015ರಲ್ಲಿ ಬರೆದ ಪ್ರಬಂಧದ ವಾದ ಹೀಗಿದೆ: ಹೊಸ ಹುದ್ದೆಗೆ ಬಂದವರು ‘ನಾನಿರುವುದೇ ಹೀಗೆ’ ಎಂದು ಹಿಡಿದ ಪಟ್ಟು, ಎಷ್ಟೋ ಸಲ ಕಲಿಯದಿರಲು ಒಂದು ನೆಪ. ಅಭ್ಯಾಸವಿಲ್ಲದ ನಡೆಗಳನ್ನು ಹಾಕಿ ನೋಡುತ್ತಲೇ ಮನುಷ್ಯ ಬೆಳೆಯುತ್ತಾನೆ. ಅದೇ ವರ್ಷ ಸ್ಟ್ಯಾನ್‌ಫರ್ಡ್‌ನ ಜೆಫ್ರಿ ಫೆಫರ್ ಇನ್ನೂ ಖಾರವಾಗಿ ಬರೆದರು. ಸಂದರ್ಭ ಕೇಳಿದಂತೆ ನಡೆದುಕೊಳ್ಳುವುದು ನಾಯಕನ ಕರ್ತವ್ಯ, ಆ ಹೊತ್ತಿನ ತನ್ನ ಮನಸ್ಥಿತಿಯನ್ನು ಹೊರಗೆಡಹುವುದಲ್ಲ ಎಂಬುದು ಅವರ ಮಾತು.

ನಾಲ್ಕನೆಯದು ವಿಮರ್ಶಕರ ಪಂಥ. ಜಾಕಿ ಫೋರ್ಡ್ ಮತ್ತು ನ್ಯಾನ್ಸಿ ಹಾರ್ಡಿಂಗ್ 2011ರಲ್ಲಿ, ‘ನಿಜವಾದ ನಾನು’ ಎಂಬುದನ್ನು ಸಂಸ್ಥೆಯ ಉದ್ದೇಶಕ್ಕೆ ಪೂರ್ತಿ ಹೊಂದಿಸಿಬಿಟ್ಟರೆ ಅಲ್ಲಿ ವ್ಯಕ್ತಿಯೇ ಉಳಿಯುವುದಿಲ್ಲ ಎಂದು ವಾದಿಸಿದರು. ಮ್ಯಾಟ್ಸ್ ಆಲ್ವೆಸನ್ ಮತ್ತು ಕಾಟ್ಯಾ ಐನೊಲಾ 2019ರಲ್ಲಿ ಇಡೀ ಸಿದ್ಧಾಂತದ ತಳಪಾಯವನ್ನೇ ಪ್ರಶ್ನಿಸಿದರು. ಆಲಿಸ್ ಈಗ್ಲಿ ಎತ್ತಿದ ಆಕ್ಷೇಪ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುತ್ತದೆ. ನಾಯಕಿಯೊಬ್ಬಳು ತನ್ನ ಮೌಲ್ಯಗಳನ್ನು ತೆರೆದಿಟ್ಟರಷ್ಟೇ ಸಾಲದು, ಆ ಮೌಲ್ಯಗಳನ್ನು ಹೇಳುವ ಹಕ್ಕು ಆಕೆಗಿದೆ ಎಂದು ಎದುರಿಗಿರುವವರು ಒಪ್ಪಬೇಕು. ನಾಯಕರೆಂದರೆ ಗಂಡಸರು, ಮೇಲ್ವರ್ಗದವರು ಎಂಬ ರೂಢಿ ಇರುವ ಕಡೆ ಉಳಿದವರಿಗೆ ‘ನೀವು ನೀವಾಗಿರಿ’ ಎಂದು ಹೇಳುವುದು ಸುಲಭ, ಹಾಗಿರಲು ಬಿಡುವುದು ಕಷ್ಟ. ಬರ್ನಾರ್ಡ್ ಹೇಳಿದ ಒಪ್ಪಿಗೆಯ ಮಾತು ಇಲ್ಲಿ ಹೊಸ ರೂಪದಲ್ಲಿ ಮರಳುತ್ತದೆ.

## ಕೂಡಿ ಓದುವುದರ ಹಲವು ಬಗೆ

ಓದಿನ ಕಡೆಯಲ್ಲೂ ಪಂಥಗಳಿವೆ. ಆಸ್ಪೆನ್ ಮಾದರಿ ವಿಚಾರಗಳಿಗೆ ಒತ್ತು ಕೊಡುತ್ತದೆ. ನ್ಯಾಯ, ಸ್ವಾತಂತ್ರ್ಯ, ಆಸ್ತಿ, ಸಮಾನತೆ ಇವುಗಳ ಬಗ್ಗೆ ಒಂದಕ್ಕೊಂದು ಒಗ್ಗದ ಬರಹಗಳನ್ನು ಮೇಜಿನ ಮೇಲಿಟ್ಟು, ಓದುವವರು ತಮ್ಮ ನಿಲುವನ್ನು ಸಮರ್ಥಿಸಿಕೊಳ್ಳುವಂತೆ ಮಾಡುತ್ತದೆ.

ಎರಡನೆಯದು ಕಥನದ ಮಾದರಿ. ಸ್ಟ್ಯಾನ್‌ಫರ್ಡ್‌ನಲ್ಲಿ ಜೇಮ್ಸ್ ಮಾರ್ಚ್ 1980ರಿಂದ 1994ರವರೆಗೆ ನಾಯಕತ್ವದ ಪಾಠವನ್ನು ‘ಒಥೆಲೊ’, ‘ಸೇಂಟ್ ಜೋನ್’, ‘ವಾರ್ ಅಂಡ್ ಪೀಸ್’, ‘ಡಾನ್ ಕಿಹೋಟೆ’ಗಳ ಮೂಲಕ ಹೇಳಿಕೊಟ್ಟರು. ಹಾರ್ವರ್ಡ್ ಬಿಸಿನೆಸ್ ಸ್ಕೂಲಿನಲ್ಲಿ ರಾಬರ್ಟ್ ಕೋಲ್ಸ್ ಆರಂಭಿಸಿ ಜೋಸೆಫ್ ಬಡರಾಕೊ, ಸಾಂಡ್ರಾ ಸುಚರ್ ಮುಂದುವರಿಸಿದ ಕೋರ್ಸಿನಲ್ಲಿ ಚಿನುವ ಅಚಿಬೆಯ ‘ಥಿಂಗ್ಸ್ ಫಾಲ್ ಅಪಾರ್ಟ್’, ಕಜುವೊ ಇಶಿಗುರೊ ಅವರ ‘ದಿ ರಿಮೇನ್ಸ್ ಆಫ್ ದಿ ಡೇ’ ಅಂಥ ಕೃತಿಗಳು ಪಠ್ಯವಾದವು. ಕಂಪನಿಯ ಕೇಸ್ ಸ್ಟಡಿಯಲ್ಲಿ ಪಾತ್ರಗಳಿಗೆ ಒಳಮನಸ್ಸು ಇರುವುದಿಲ್ಲ. ಕಾದಂಬರಿಯಲ್ಲಿ ಇರುತ್ತದೆ.

ಮೂರನೆಯದು ಗಟ್ಟಿಯಾಗಿ ಓದುವ ಮಾದರಿ. ಲಿವರ್‌ಪೂಲ್ ಪ್ರದೇಶದಲ್ಲಿ ಜೇನ್ ಡೇವಿಸ್ ಕಟ್ಟಿದ ‘ದಿ ರೀಡರ್’ ಸಂಸ್ಥೆಯ ಗುಂಪುಗಳಲ್ಲಿ ಯಾರೂ ಮೊದಲೇ ಓದಿ ಬರಬೇಕಿಲ್ಲ. ಕಥೆಯನ್ನೋ ಕವಿತೆಯನ್ನೋ ಅಲ್ಲೇ ಓದುತ್ತಾರೆ, ನಡುನಡುವೆ ನಿಲ್ಲಿಸಿ ಮಾತಾಡುತ್ತಾರೆ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 1991ರಲ್ಲಿ ಪ್ರೊಫೆಸರ್ ರಾಬರ್ಟ್ ವಾಕ್ಸ್‌ಲರ್ ಮತ್ತು ನ್ಯಾಯಾಧೀಶ ರಾಬರ್ಟ್ ಕೇನ್ ಆರಂಭಿಸಿದ ಕಾರ್ಯಕ್ರಮದಲ್ಲಿ ಅಪರಾಧಿಗಳು ಸಾಹಿತ್ಯ ಓದುತ್ತಾರೆ, ಅದೇ ಮೇಜಿನಲ್ಲಿ ನ್ಯಾಯಾಧೀಶರೂ ಪ್ರೊಬೇಷನ್ ಅಧಿಕಾರಿಯೂ ಕೂತು ಓದುತ್ತಾರೆ. ಶಿಕ್ಷೆ ಕೊಟ್ಟವನೂ ಪಡೆದವನೂ ಒಂದೇ ಪುಟದ ಬಗ್ಗೆ ಸಮಾನರಾಗಿ ಮಾತಾಡುವ ಈ ಏರ್ಪಾಡು ಕಂಪನಿಗಳ ಕಾರ್ಯಕ್ರಮಗಳಿಗಿಂತ ಒಂದು ಹೆಜ್ಜೆ ಮುಂದಿದೆ. ಆಸ್ಪೆನ್‌ನಲ್ಲಿ ಅಧಿಕಾರಿಗಳು ತಮ್ಮ ಸರೀಕರ ಜೊತೆ ಓದುತ್ತಾರೆ, ಇಲ್ಲಿ ಅಧಿಕಾರ ಚಲಾಯಿಸಿದವನು ಆ ಅಧಿಕಾರಕ್ಕೆ ಒಳಗಾದವನ ಜೊತೆ ಓದುತ್ತಾನೆ.

ನಾಲ್ಕನೆಯದಕ್ಕೆ ಸಾಹಿತ್ಯದ ಸಂಬಂಧವಿಲ್ಲ. ಅಮೆಜಾನ್ 2004ರಲ್ಲಿ ಹಿರಿಯ ಅಧಿಕಾರಿಗಳ ಸಭೆಗಳಿಂದ ಪವರ್‌ಪಾಯಿಂಟ್ ತೆಗೆದುಹಾಕಿತು. ಆರು ಪುಟ ಮೀರದ ಟಿಪ್ಪಣಿಯನ್ನು ಎಲ್ಲರೂ ಸಭೆಯ ಆರಂಭದಲ್ಲಿ ಮೌನವಾಗಿ ಓದುವ ಪದ್ಧತಿ ಬಂತು. ಇದರಿಂದ ನಿರ್ಧಾರದ ಗುಣಮಟ್ಟ ಸುಧಾರಿಸಬಹುದು. ಆದರೆ ಇದು ಕಂಪನಿಯ ಗುರಿಯನ್ನು ಚೆನ್ನಾಗಿ ಮುಟ್ಟುವ ಓದು, ಆ ಗುರಿಯನ್ನೇ ತೂಗಿ ನೋಡುವ ಓದಲ್ಲ.

## ಕ್ರಿಯಾನನ ಕೊನೆಯ ನಿರ್ಧಾರ

ಇಂಥ ಗೋಷ್ಠಿಗಳಲ್ಲಿ ಮತ್ತೆ ಮತ್ತೆ ಬರುವ ಕೃತಿ ಸೋಫೊಕ್ಲಿಸನ ‘ಅಂತಿಗೊನೆ’. ಕನ್ನಡಕ್ಕೆ ಇದನ್ನು ಪಿ. ಲಂಕೇಶ್ ತಂದಿದ್ದಾರೆ. ಹೊಸದಾಗಿ ಪಟ್ಟಕ್ಕೆ ಬಂದ ಕ್ರಿಯಾನ್, ಊರ ಮೇಲೆ ದಂಡೆತ್ತಿ ಬಂದು ಸತ್ತವನ ಹೆಣವನ್ನು ಯಾರೂ ಮಣ್ಣು ಮಾಡಬಾರದೆಂದು ಆಜ್ಞೆ ಹೊರಡಿಸುತ್ತಾನೆ. ಸತ್ತವನ ತಂಗಿ ಅಂತಿಗೊನೆ ಅದನ್ನು ಮುರಿಯುತ್ತಾಳೆ. ಮೇಲಧಿಕಾರಿಗಳು ಈ ನಾಟಕ ಓದುವಾಗ ಮೊದಲಿಗೆ ಕ್ರಿಯಾನನ ಕಷ್ಟ ಅರ್ಥವಾಗುವುದು ಸಹಜ. ಅಧಿಕಾರಕ್ಕೆ ಬಂದ ಹೊಸತರಲ್ಲೇ ಆಜ್ಞೆ ಹಿಂದಕ್ಕೆ ತೆಗೆದುಕೊಂಡರೆ ಯಾರು ಮಾತು ಕೇಳುತ್ತಾರೆ?

ಆಮೇಲೆ ಮಗ ಹೈಮನ್ ಬರುತ್ತಾನೆ. ಊರಿನವರು ಒಳಗೊಳಗೇ ಆ ಹುಡುಗಿಗಾಗಿ ಮರುಗುತ್ತಿದ್ದಾರೆ, ನಿನ್ನ ಮುಖ ನೋಡಿ ಹೆದರಿ ಸುಮ್ಮನಿದ್ದಾರೆ ಎಂದು ತಂದೆಗೆ ತಿಳಿಸುತ್ತಾನೆ. ಕ್ರಿಯಾನ್ ಅದನ್ನು ಮಾಹಿತಿ ಎಂದು ತೆಗೆದುಕೊಳ್ಳದೆ ದ್ರೋಹ ಎಂದು ತೆಗೆದುಕೊಳ್ಳುತ್ತಾನೆ, ಹುಡುಗಿಯನ್ನು ಜೀವಂತವಾಗಿ ಗುಹೆಯೊಂದರಲ್ಲಿ ಮುಚ್ಚಿಸುತ್ತಾನೆ. ಕೊನೆಗೆ ಕಣಿ ಹೇಳುವ ಟೈರೀಸಿಯಸ್‌ನ ಮಾತಿಗೆ ಬೆದರಿ ಮನಸ್ಸು ಬದಲಿಸಿದಾಗ, ಊರ ಹಿರಿಯರು ಮೊದಲು ಹುಡುಗಿಯನ್ನು ಗುಹೆಯಿಂದ ಬಿಡಿಸು, ನಂತರ ಹೆಣಕ್ಕೆ ಸಂಸ್ಕಾರ ಮಾಡು ಎನ್ನುತ್ತಾರೆ. ಅವನು ಮೊದಲು ಹೆಣದ ಸಂಸ್ಕಾರ ಮುಗಿಸಿ ಆಮೇಲೆ ಗುಹೆಗೆ ಹೋಗುತ್ತಾನೆ. ಅಷ್ಟರಲ್ಲಿ ಅಂತಿಗೊನೆ ನೇಣು ಹಾಕಿಕೊಂಡಿರುತ್ತಾಳೆ.

ಒಬ್ಬರೇ ಓದುವಾಗ ಈ ಅನುಕ್ರಮ ಎಷ್ಟೋ ಸಲ ಕಣ್ಣು ತಪ್ಪುತ್ತದೆ. ಗುಂಪಿನಲ್ಲಿ ಯಾರಾದರೂ ಒಬ್ಬರು ಅದರ ಮೇಲೆ ಬೆರಳಿಡುತ್ತಾರೆ. ಕ್ರಿಯಾನ್ ತಾನು ಕೆಡಿಸಿದ ನಿಯಮವನ್ನು ಸರಿಪಡಿಸಲು ಮೊದಲು ಓಡಿದ, ಬದುಕಿರುವ ಹುಡುಗಿಯನ್ನು ನಂತರಕ್ಕೆ ಇಟ್ಟ. ಇಲ್ಲಿಂದ ಮಾತು ನಮ್ಮ ಕಚೇರಿಗೆ ಬರಲು ಹೊತ್ತು ಹಿಡಿಯುವುದಿಲ್ಲ. ತಪ್ಪು ಗೊತ್ತಾದಾಗ ನಾವು ಮೊದಲು ಫೈಲು ಸರಿ ಮಾಡುತ್ತೇವೋ, ನೊಂದವರ ಬಳಿ ಹೋಗುತ್ತೇವೋ? ತನ್ನ ಮೇಲಧಿಕಾರಿಯ ಬಗ್ಗೆ ನೇರ ಹೇಳಲಾಗದ್ದನ್ನು ಕ್ರಿಯಾನನ ಬಗ್ಗೆ ಧೈರ್ಯವಾಗಿ ಹೇಳಬಹುದು, ಮೇಲಧಿಕಾರಿಯೂ ಅದನ್ನು ಅವಮಾನ ಎನಿಸದೆ ಕೇಳಬಹುದು. ಕೂಡಿ ಓದುವುದರ ಶಕ್ತಿ ಮುಖ್ಯವಾಗಿ ಇಲ್ಲಿದೆ ಎಂದು ನಾನು ನಂಬುತ್ತೇನೆ.

## ಕನ್ನಡದಲ್ಲಿರುವ ಬಂಡವಾಳ

ಕೂಡಿ ಓದುವುದು ಕನ್ನಡಿಗರಿಗೆ ಹೊಸದಲ್ಲ. ಶಿವಮೊಗ್ಗ ಬಳಿಯ ಮತ್ತೂರು, ಹೊಸಹಳ್ಳಿಗಳಲ್ಲಿ ಇಂದಿಗೂ ಜೀವಂತವಾಗಿರುವ ಗಮಕದಲ್ಲಿ ಗಮಕಿ ಕುಮಾರವ್ಯಾಸನನ್ನೋ ಲಕ್ಷ್ಮೀಶನನ್ನೋ ವಾಚಿಸುತ್ತಾರೆ, ವ್ಯಾಖ್ಯಾನಕಾರರು ಅರ್ಥ ಬಿಡಿಸುತ್ತಾರೆ, ಊರು ಕೇಳುತ್ತದೆ. ಆದರೆ ಅಲ್ಲಿ ಕೇಳುಗ ಎದುರು ಪ್ರಶ್ನೆ ಹಾಕುವುದು ಅಪರೂಪ. ಹೆಗ್ಗೋಡಿನ ನೀನಾಸಂನ ಸಂಸ್ಕೃತಿ ಶಿಬಿರ ಆ ಪ್ರಶ್ನೆಗೆ ಜಾಗ ಮಾಡಿಕೊಟ್ಟಿತು. ಕೆ.ವಿ. ಸುಬ್ಬಣ್ಣ ಕಟ್ಟಿದ ಆ ಪರಂಪರೆಯಲ್ಲಿ ಮೇಷ್ಟ್ರು, ರೈತರು, ವಿದ್ಯಾರ್ಥಿಗಳು, ನೌಕರರು ಒಂದೇ ಕವಿತೆ, ಒಂದೇ ನಾಟಕದ ಬಗ್ಗೆ ಚರ್ಚಿಸುತ್ತಾ ಬಂದಿದ್ದಾರೆ.

ನಾಯಕತ್ವದ ಪ್ರಶ್ನೆಗೆ ನೇರವಾಗಿ ತಾಗುವ ಪಠ್ಯವೂ ನಮ್ಮಲ್ಲಿದೆ. ‘ಶೂನ್ಯಸಂಪಾದನೆ’ಯಲ್ಲಿ ಅಲ್ಲಮಪ್ರಭು ಸೊನ್ನಲಿಗೆಗೆ ಬರುತ್ತಾನೆ. ಅಲ್ಲಿ ಸಿದ್ಧರಾಮ ಸಾವಿರಾರು ಜನರನ್ನು ಕಟ್ಟಿಕೊಂಡು ಕೆರೆ, ಗುಡಿ ಕಟ್ಟಿಸುತ್ತಿದ್ದಾನೆ. ಅಲ್ಲಮ ಅವನನ್ನು ಒಡ್ಡರಾಮ ಎಂದು ಕರೆಯುತ್ತಾನೆ. ಸಿಟ್ಟಿಗೆದ್ದ ಕೆಲಸಗಾರರು ಕಲ್ಲು ತೂರುತ್ತಾರೆ. ಸಿದ್ಧರಾಮ ಲೋಕಕ್ಕೆ ಒಳಿತು ಮಾಡುತ್ತಿದ್ದವನೇ, ಅದರಲ್ಲಿ ಸಂದೇಹವಿಲ್ಲ. ಮಾಡುವ ಕೆಲಸದೊಳಗೆ ‘ಮಾಡಿದೆ’ ಎಂಬ ಅಹಂಕಾರ ಎಷ್ಟಿದೆ ಎಂಬುದು ಅಲ್ಲಮನ ಪ್ರಶ್ನೆ. ಆ ಪ್ರಶ್ನೆ ಸಿದ್ಧರಾಮನನ್ನು ಕಲ್ಯಾಣದ ದಾರಿ ಹಿಡಿಸುತ್ತದೆ. ದೊಡ್ಡ ಯೋಜನೆ ನಡೆಸುವ ಯಾವ ಅಧಿಕಾರಿಗೂ ಇದಕ್ಕಿಂತ ಹತ್ತಿರದ ಓದು ಸಿಗದು. ಬೆಂಗಳೂರಿನ ಕಂಪನಿಗಳು ತಮ್ಮ ತರಬೇತಿ ಕೋಣೆಗೆ ಈ ಅಧ್ಯಾಯವನ್ನು ತಂದರೆ ಅದು ಸಂಸ್ಕೃತಿಯ ಅಲಂಕಾರವಾಗಬಾರದು, ಅಲ್ಲಮನ ಪ್ರಶ್ನೆಯ ಮೊನೆ ಉಳಿದಿರಬೇಕು.

## ಪುರಾವೆ ಎಷ್ಟು ಗಟ್ಟಿ?

ಎರಡೂ ಕಡೆಯ ಪುರಾವೆಗಳ ಬಗ್ಗೆ ಎಚ್ಚರ ಬೇಕು. 2013ರಲ್ಲಿ ಡೇವಿಡ್ ಕಿಡ್ ಮತ್ತು ಇಮ್ಯಾನುಯೆಲೆ ಕಸ್ಟಾನೊ ‘ಸೈನ್ಸ್’ ಪತ್ರಿಕೆಯಲ್ಲಿ, ಸಾಹಿತ್ಯಕ ಕಥೆಗಳನ್ನು ಸ್ವಲ್ಪ ಹೊತ್ತು ಓದಿದರೂ ಇತರರ ಮನಸ್ಸನ್ನು ಗ್ರಹಿಸುವ ಶಕ್ತಿ ಹೆಚ್ಚುತ್ತದೆ ಎಂದು ವರದಿ ಮಾಡಿದರು. ಜಗತ್ತಿನಾದ್ಯಂತ ಸುದ್ದಿಯಾದ ಆ ಫಲಿತಾಂಶವನ್ನು 2016 ಮತ್ತು 2018ರ ದೊಡ್ಡ ಮರುಪ್ರಯೋಗಗಳು ಕಾಣಲಿಲ್ಲ. 2018ರಲ್ಲೇ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯೊಂದು ಪರಿಣಾಮ ಇದೆ, ಆದರೆ ಸಣ್ಣದು ಎಂದಿತು. ಗಮನಿಸಬೇಕಾದ್ದು, ಇವೆಲ್ಲ ಒಬ್ಬರೇ ಓದಿದವರ ಮೇಲೆ ನಡೆದ ಪ್ರಯೋಗಗಳು. ಕೂಡಿ ಓದಿ ಮಾತಾಡುವುದರ ಫಲವನ್ನು ಅವು ಅಳೆಯಲೇ ಇಲ್ಲ.

ನೈಜ ನಾಯಕತ್ವದ ಅಳತೆಯೂ ಅಲುಗಾಡಿದೆ. 2016ರ ಸಮಗ್ರ ವಿಶ್ಲೇಷಣೆಯೊಂದರಲ್ಲಿ ಇದು ಅನುಯಾಯಿಗಳಲ್ಲಿ ಬದಲಾವಣೆ ತರುವ ‘ಪರಿವರ್ತನಾ ನಾಯಕತ್ವ’ ಎಂಬ ಹಳೆಯ ಪರಿಕಲ್ಪನೆಯ ಜೊತೆ ಎಷ್ಟು ಬೆರೆತಿದೆಯೆಂದರೆ ಎರಡನ್ನೂ ಬೇರೆ ಎನ್ನುವುದೇ ಕಷ್ಟ ಎಂದು ಕಂಡುಬಂತು. ಅದಕ್ಕೂ ಮುಂಚೆ, 2014ರಲ್ಲಿ, ‘ದಿ ಲೀಡರ್‌ಶಿಪ್ ಕ್ವಾರ್ಟರ್ಲಿ’ ಅಂಕಿಅಂಶಗಳ ದೋಷದಿಂದಾಗಿ ನಾಯಕತ್ವ ಕುರಿತ ಹಲವು ಲೇಖನಗಳನ್ನು ಹಿಂಪಡೆದಿತ್ತು. ಅಳತೆಗೋಲು ದುರ್ಬಲವಾಗಿರುವ ಕಡೆ ತರಬೇತಿಯ ಫಲದ ಬಗ್ಗೆ ದೊಡ್ಡ ಮಾತಾಡುವುದು ತಪ್ಪು.

## ಇನ್ನೂ ಬಗೆಹರಿಯದವು

ಮೊದಲ ಪ್ರಶ್ನೆ ಬಾಳಿಕೆಯದು. ಗೋಷ್ಠಿಯಿಂದ ಕಚೇರಿಗೆ ಮರಳಿದ ಅಧಿಕಾರಿ ಮುಂದಿನ ಬಿಕ್ಕಟ್ಟಿನಲ್ಲಿ ಬೇರೆ ರೀತಿ ನಡೆದುಕೊಂಡನೇ? ಅವನ ಕೈಕೆಳಗಿನವರನ್ನು ವರ್ಷಗಟ್ಟಲೆ ಕೇಳುತ್ತಾ ಹೋಗದೆ ಇದನ್ನು ತಿಳಿಯಲಾಗದು.

ಎರಡನೆಯದು, ಯಾರು ಯಾರೊಂದಿಗೆ ಓದಬೇಕು ಎಂಬುದು. ಸರೀಕರೊಂದಿಗೆ ಓದುವುದು ಹಿತ, ಆದರೆ ಅಲ್ಲಿ ಹೈಮನ್ ಹೇಳಿದ ಸುದ್ದಿ ಬರುವುದಿಲ್ಲ. ಕೈಕೆಳಗಿನವರೊಂದಿಗೆ ಓದಿದರೆ ಆ ಸುದ್ದಿ ಬರಬಹುದು, ಆದರೆ ಮುಂದಿನ ಬಡ್ತಿಯ ಭಯ ಮೇಜಿನ ಕೆಳಗೆ ಕೂತೇ ಇರುತ್ತದೆ. ಹುದ್ದೆಯನ್ನು ಬಾಗಿಲಾಚೆ ನಿಜಕ್ಕೂ ಬಿಟ್ಟು ಬರಬಹುದೇ ಎಂಬುದಕ್ಕೆ ಯಾವ ಮಾದರಿಯೂ ಪೂರ್ತಿ ಉತ್ತರ ಕೊಟ್ಟಿಲ್ಲ.

ಮೂರನೆಯದು ಪುಸ್ತಕಗಳ ಆಯ್ಕೆ. ಆಸ್ಪೆನ್‌ನ ಆರಂಭದ ಪಟ್ಟಿ ಹೆಚ್ಚುಕಡಿಮೆ ಪಶ್ಚಿಮದ ಗಂಡಸರ ಪಟ್ಟಿ. ನಾವು ನಮ್ಮ ಪಟ್ಟಿ ಮಾಡಿಕೊಂಡಾಗ ವಚನಕಾರ್ತಿಯರಿಗೆ, ದೇವನೂರ ಮಹಾದೇವ ಅವರಂಥ ದಲಿತ ಲೇಖಕರಿಗೆ, ಕಾರ್ಮಿಕರ ಬದುಕಿನ ಕಥೆಗಳಿಗೆ ಜಾಗವಿರುತ್ತದೆಯೇ? ಯಾರ ಪುಸ್ತಕ ಓದುತ್ತೇವೆ ಎಂಬುದರ ಮೇಲೆ ಯಾರ ಪ್ರಶ್ನೆ ಕೇಳಿಸುತ್ತದೆ ಎಂಬುದು ನಿಂತಿದೆ.

ನಾಲ್ಕನೆಯದು ಬೆಲ್ ಕಂಪನಿ ಬಿಟ್ಟುಹೋದ ಪ್ರಶ್ನೆ. ನೈಜತೆ ಕಂಪನಿಗೆ ಲಾಭ ತರುತ್ತದೆ ಎಂಬ ಭರವಸೆಯ ಮೇಲೆಯೇ ಈ ಕಾರ್ಯಕ್ರಮಗಳಿಗೆ ಹಣ ಸಿಗುತ್ತದೆ. ಓದಿದ ಅಧಿಕಾರಿ ಒಂದು ದಿನ, ಈ ಲಾಭ ನ್ಯಾಯವಾಗಿ ಬಂದದ್ದಲ್ಲ ಎಂದರೆ? ನನ್ನ ಮಟ್ಟಿಗೆ, ಆ ಮಾತು ಹೊರಡುವ ಸಾಧ್ಯತೆ ಇಲ್ಲದ ಓದು ನಾಯಕತ್ವದ ಶಿಕ್ಷಣವೇ ಅಲ್ಲ. ಆದರೆ ಆ ಮಾತಾಡಿದವರನ್ನು ಕೆಲಸದಲ್ಲಿ ಉಳಿಸಿಕೊಳ್ಳುವ ಆಡಳಿತ ವ್ಯವಸ್ಥೆಯನ್ನು ಹೇಗೆ ಕಟ್ಟಬೇಕು ಎಂಬುದನ್ನು ಓದಿನ ಪಂಥಗಳಾಗಲಿ ನಾಯಕತ್ವದ ಪಂಥಗಳಾಗಲಿ ಈವರೆಗೆ ತೋರಿಸಿಲ್ಲ. ಮುಂದಿನ ಸಂಶೋಧನೆಯೂ ಪ್ರಯೋಗವೂ ಮೊದಲು ಕೈಹಾಕಬೇಕಾದ ಕೆಲಸ ಅದೇ.